ಮಗುವಿನ ಆಟಿಸಂ: ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು
(ಬೆಳ್ಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕವಿ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರ ಹೆಸರಿನೊಳಗೇ ಇರುವ ಊರು ಇದು. ಇಂಥ ಊರಿನ ದತ್ತಿ ಉಪನ್ಯಾಸದಲ್ಲಿ ಸಾಹಿತ್ಯದ ಮಾತು ಕೇಳುವುದೇ ವಾಡಿಕೆ. ಸಂಘಟಕರು ಮಾತ್ರ, ನಿಮ್ಮ ಕೆಲಸದಲ್ಲಿ ಜನ ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆ ಯಾವುದೋ ಅದನ್ನೇ ಎತ್ತಿಕೊಳ್ಳಿ ಎಂದರು. ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡುವ ನನಗೆ ಆ ಪ್ರಶ್ನೆ ಯಾವುದೆಂದು ಹುಡುಕಬೇಕಾಗಲಿಲ್ಲ. ಮಗುವಿಗೆ ಆಟಿಸಂ ಇರಬಹುದು ಎಂಬ ಅನುಮಾನ ಬಂದಾಗ ಪರೀಕ್ಷೆ ಮಾಡಿಸಬೇಕೇ? ಮಾಡಿಸಿದರೆ ಆ ಸುದ್ದಿ ಎಲ್ಲೆಲ್ಲಿಗೆ ಹೋಗುತ್ತದೆ? ಮೊದಲ ಪ್ರಶ್ನೆಯನ್ನು ಡಾಕ್ಟರ ಮುಂದೆ ಕೇಳುತ್ತಾರೆ. ಎರಡನೆಯದನ್ನು ಹೊರಗೆ ಬಂದ ಮೇಲೆ ಗಂಡ ಹೆಂಡತಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಎಷ್ಟೋ ಸಲ ಎರಡನೆಯದಕ್ಕೆ ಉತ್ತರ ಸಿಗದೆ ಮೊದಲನೆಯದನ್ನೂ ಕೈಬಿಡುತ್ತಾರೆ.

ಈ ಭಯವನ್ನು ಅಜ್ಞಾನ, ಮೂಢನಂಬಿಕೆ ಎಂದು ತಳ್ಳಿಹಾಕುವ ಓದಿದವರನ್ನು ನೋಡಿದ್ದೇನೆ. ನಾನು ಹಾಗೆನ್ನಲಾರೆ. ಇದು ಊರನ್ನು ಬಲ್ಲವರ ಭಯ.

2020ರ ಮೇ ತಿಂಗಳನ್ನು ನೆನೆಯಿರಿ. ದುಡಿಮೆಗೆಂದು ಮುಂಬೈಗೆ ಹೋಗಿದ್ದ ನಮ್ಮವರು ಕೊರೊನಾ ಲಾಕ್‌ಡೌನಿನ ನಡುವೆ ಊರಿಗೆ ಮರಳಿದರು. ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ಹೆಸರು ದಿನವೂ ಟಿ.ವಿ.ಯಲ್ಲಿ ಬರುತ್ತಿತ್ತು. ಸೋಂಕಿತರ ಬಗ್ಗೆ ಆರೋಗ್ಯ ಇಲಾಖೆ ಹೊರಡಿಸುತ್ತಿದ್ದ ಪ್ರಕಟಣೆಯಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ‘ಪಿ’ ಎಂಬ ಅಕ್ಷರ, ಅದರ ಮುಂದೆ ಒಂದು ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಎಲ್ಲಿಂದ ಬಂದವರು, ಇಷ್ಟೇ. ಹೆಸರು ಮುಚ್ಚಿದ್ದೇವೆ, ಅಲ್ಲಿಗೆ ಗುಟ್ಟು ಉಳಿಯಿತು ಎಂಬ ಲೆಕ್ಕ ಬೆಂಗಳೂರಿನಲ್ಲಿ ಸರಿಹೋದೀತು. ಇನ್ನೂರು ಮನೆಯ ಹಳ್ಳಿಯಲ್ಲಿ ಮುಂಬೈಯಿಂದ ಬಂದ ಮೂವತ್ತೈದು ವರ್ಷದ ಹೆಂಗಸು ಯಾರೆಂದು ಯಾರಿಗೆ ಗೊತ್ತಾಗುವುದಿಲ್ಲ? ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳನ್ನು ನಮ್ಮ ರಾಜ್ಯ ಸರ್ಕಾರವೇ ಅಂತರ್ಜಾಲದಲ್ಲಿ ಹಾಕಿತ್ತು. ಮನೆ ಬಾಗಿಲಿಗೆ ಚೀಟಿ ಅಂಟಿಸಿತ್ತು, ಕೈಗೆ ಮುದ್ರೆ ಒತ್ತಿತ್ತು. ಆ ಕಾಲ ಅಂಥದ್ದು ಎಂದು ಸಮಾಧಾನ ಹೇಳಬಹುದು. ಒಂದು ಪಾಠವಂತೂ ಉಳಿಯಿತು: ಚಿಕ್ಕ ಊರಿನಲ್ಲಿ ಹೆಸರು ಮರೆಮಾಡಿದ ಮಾತ್ರಕ್ಕೆ ಮನುಷ್ಯ ಮರೆಯಾಗುವುದಿಲ್ಲ.

ಈಗ ಮಗುವಿನ ವಿಷಯಕ್ಕೆ ಬರೋಣ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡಬೇಕು. ಬೆಳವಣಿಗೆ ತಡವಾಗಿರುವ ಮಕ್ಕಳನ್ನು ಗುರುತಿಸುವುದು ಅವರ ಕೆಲಸದ ಒಂದು ಭಾಗ. ಒಳ್ಳೆಯ ಕಾರ್ಯಕ್ರಮ, ಅನುಮಾನವಿಲ್ಲ. ಆದರೆ ನೋಡುವುದು ಎಲ್ಲಿ? ಒಂದೇ ಕೋಣೆಯ ಅಂಗನವಾಡಿಯಲ್ಲಿ, ಬೇರೆ ತಾಯಂದಿರ ಎದುರಿಗೆ. ‘ಹೆಸರು ಕೂಗಿದರೆ ತಿರುಗಿ ನೋಡ್ತಾನಾ?’ ಎಂಬ ಪ್ರಶ್ನೆಗೆ ತಾಯಿ ಉತ್ತರ ಕೊಡುವಾಗ ನಾಲ್ಕು ಜನ ಕೇಳಿಸಿಕೊಳ್ಳುತ್ತಾರೆ. ಅಲ್ಲಿಂದ ಆಶಾ ಕಾರ್ಯಕರ್ತೆಗೆ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಮುಂದೆ ಶಾಲೆಯ ದಾಖಲಾತಿ ಪುಸ್ತಕಕ್ಕೆ ಮಾತು ದಾಟುತ್ತದೆ. ಇವರಲ್ಲಿ ಒಬ್ಬರೂ ಕೆಟ್ಟವರಲ್ಲ. ಎಲ್ಲರೂ ಸಹಾಯ ಮಾಡಲೆಂದೇ ಇರುವವರು. ಆದರೆ ಪ್ರತಿಯೊಬ್ಬರೂ ಯಾರಿಗೋ ನಾದಿನಿ, ಯಾರಿಗೋ ಚಿಕ್ಕಮ್ಮ.

ಒಬ್ಬ ತಾಯಿ ನನ್ನ ಮುಂದೆ ಕುಳಿತು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ಮೂರೂವರೆ ವರ್ಷದ ಮಗ ಕಿಟಕಿಯ ಸರಳನ್ನು ಒಂದೊಂದಾಗಿ ಮುಟ್ಟಿ ಎಣಿಸುವವನ ಹಾಗೆ ಓಡಾಡುತ್ತಿದ್ದ. ಮಾತಾಡಿಸಿದರೆ ನಮ್ಮ ಮಾತಿನ ಕೊನೆಯ ಶಬ್ದವನ್ನೇ ಹಿಂದಕ್ಕೆ ಹೇಳುತ್ತಿದ್ದ. ಅವಳು ನನ್ನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದಳು. “ಚೀಟೀಲಿ ಮಾತ್ರ ಬರೀಬ್ಯಾಡಿ ಮೇಡಂ. ದೊಡ್ಡವಳಿಗೆ ಗಂಡು ನೋಡ್ತಾ ಇವ್ನಿ” ಎಂದಳು. ದೊಡ್ಡವಳು ಅವಳ ನಾದಿನಿ. ಅತ್ತೆ, ಮಾವ, ಮೈದುನ ಎಲ್ಲರೂ ಒಂದೇ ಮನೆಯಲ್ಲಿದ್ದವರು. ಸಂಬಂಧ ತಪ್ಪಿಹೋದರೆ ತಪ್ಪು ಯಾರ ತಲೆಯ ಮೇಲೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ‘ನಿಮ್ಮ ಮನೆ ಕಡೆಯಿಂದ ಬಂದದ್ದು’ ಎಂಬ ಮಾತನ್ನು ಆಗಲೇ ಕೇಳಿದ್ದಳು.

ಅವಳ ಮಾತಿನಲ್ಲಿ ನ್ಯಾಯವಿತ್ತು. ಹಾಗೆಂದು ಮಗುವಿಗೆ ಬೇಕಾದ ತರಬೇತಿಯನ್ನು ಮದುವೆ ಮುಗಿಯುವ ತನಕ ಮುಂದೂಡಿದರೆ ಮಗು ಕಾಯುವುದಿಲ್ಲ. ನಾನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಇವತ್ತಿನ ನನ್ನ ಮಾತಿನ ಸಾರವೂ ಅದೇ. ಮಗುವಿಗೆ ಏನಿದೆ ಎಂದು ನೀವು ತಿಳಿದುಕೊಳ್ಳುವುದು ಒಂದು ಕೆಲಸ. ಅದನ್ನು ಸರ್ಕಾರಕ್ಕೆ, ಶಾಲೆಗೆ, ವಿಮಾ ಕಂಪನಿಗೆ, ನೆಂಟರಿಗೆ ತಿಳಿಸುವುದು ಬೇರೆ ಕೆಲಸ. ಎರಡನೆಯದಕ್ಕೆ ಹೆದರಿ ಮೊದಲನೆಯದನ್ನು ಬಿಡಬೇಡಿ. ಪರೀಕ್ಷೆ ಮಾಡಿಸಿದ ದಿನವೇ ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲೇಬೇಕೆಂಬ ಕಾನೂನು ಇಲ್ಲ. ಮಾತಿನ ತರಬೇತಿಗೆ, ಆಟದ ಮೂಲಕ ಕಲಿಸುವುದಕ್ಕೆ, ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ತಾಯಿಗೆ ಹೇಳಿಕೊಡುವುದಕ್ಕೆ ಯಾವ ಕಾರ್ಡೂ ಬೇಡ.

ಎಲ್ಲಿ ತೋರಿಸಬೇಕು ಎಂಬುದರಲ್ಲೂ ಗೋಪ್ಯತೆಯ ವಿಚಾರ ಅಡಗಿದೆ. ಇಲ್ಲೇ ಬಿ.ಜಿ.ನಗರದಲ್ಲಿ 1986ರಿಂದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಹೋದರೆ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆ ಕಡೆ ಬೆಂಗಳೂರಿನಲ್ಲಿ ನಿಮ್ಹಾನ್ಸ್. ಗುರುತಿನವರು ಸಿಗಬಾರದೆಂದು ದೂರದ ಆಸ್ಪತ್ರೆಗೆ ಹೋಗುವ ಕುಟುಂಬಗಳನ್ನು ನಾನು ತಪ್ಪು ಎನ್ನುವುದಿಲ್ಲ. ಪರೀಕ್ಷೆ ಒಂದೆರಡು ಸಲದ ಕೆಲಸ, ದೂರವಾದರೂ ನಡೆದೀತು. ತರಬೇತಿ ಹಾಗಲ್ಲ, ವಾರ ವಾರವೂ ಬೇಕು. ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು, ಎರಡು ಬಸ್ಸು ಬದಲಿಸಿ ಎಷ್ಟು ವಾರ ಹೋಗಲಾದೀತು? ಗುಟ್ಟು ಉಳಿಸಲು ಹೋಗಿ ತರಬೇತಿಯೇ ನಿಂತುಹೋದರೆ ಆ ಗುಟ್ಟಿನಿಂದ ಮಗುವಿಗೆ ಏನು ಬಂತು? ಪರೀಕ್ಷೆ ದೂರ, ತರಬೇತಿ ಹತ್ತಿರ ಎಂದು ಹೊಂದಿಸಿಕೊಂಡವರೇ ಬಹಳ ಕಾಲ ಮುಂದುವರಿಯುವುದನ್ನು ಕಂಡಿದ್ದೇನೆ.

ಎಲ್ಲಿಗೇ ಹೋಗಿ, ಕೆಲವನ್ನು ಕೇಳುವ ಹಕ್ಕು ನಿಮಗಿದೆ. ಕಲಿಯುವ ವಿದ್ಯಾರ್ಥಿಗಳು ಸುತ್ತ ನಿಂತಿದ್ದರೆ, ಅವರಿಲ್ಲದೆ ಮಾತಾಡಬೇಕು ಎಂದು ವಿನಯದಿಂದ ಹೇಳಬಹುದು. ವೈದ್ಯರು ರೋಗಿಯ ಗುಟ್ಟನ್ನು ಹೊರಗೆ ಹಾಕಬಾರದೆಂದು 2002ರ ವೈದ್ಯಕೀಯ ನೀತಿ ನಿಯಮಗಳು ಹೇಳುತ್ತವೆ. ನಿಮ್ಮ ದಾಖಲೆಯನ್ನು ನೀವು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದೂ ಹೇಳುತ್ತವೆ. ನೋಂದಣಿ ಕೌಂಟರಿನಲ್ಲಿ ‘ಅಭಾ’ ಸಂಖ್ಯೆ ಮಾಡಿಸಿಕೊಳ್ಳಿ ಎನ್ನುತ್ತಾರೆ. ದೇಶದ ಎಲ್ಲ ಆಸ್ಪತ್ರೆಗಳ ದಾಖಲೆಯನ್ನು ಒಂದಕ್ಕೊಂದು ಜೋಡಿಸಬಲ್ಲ 14 ಅಂಕಿಯ ಸಂಖ್ಯೆ ಅದು. ಉಪಯೋಗವಿದೆ, ಕಡ್ಡಾಯವಿಲ್ಲ. ಯೋಚಿಸಿ ಆಮೇಲೆ ಮಾಡಿಸುತ್ತೇವೆ ಎಂದರೆ ತಪ್ಪೇನೂ ಆಗುವುದಿಲ್ಲ.

ಇನ್ನೊಂದು ಸೋರಿಕೆ ನಮ್ಮ ಕೈಯಿಂದಲೇ ಆಗುತ್ತದೆ. ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಹುಡುಕಿ, ‘ಉಚಿತ ಪರೀಕ್ಷೆ’ ಎಂದು ಕಂಡದ್ದಕ್ಕೆ ಹೆಸರು, ನಂಬರು, ಮಗುವಿನ ವಯಸ್ಸು ತುಂಬುತ್ತಾರೆ. ಮಾರನೆಯ ದಿನದಿಂದ ಕರೆಗಳು ಶುರು. ಪೂರ್ತಿ ವಾಸಿ ಮಾಡುತ್ತೇವೆ, ಸ್ಟೆಮ್ ಸೆಲ್ ಹಾಕುತ್ತೇವೆ, ಇಷ್ಟು ಲಕ್ಷ ತನ್ನಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಜಮೀನು ಮಾರಿ ಇದಕ್ಕೆ ಹಣ ಸುರಿಯುವವರ ವಿಷಯದಲ್ಲಿ ನನಗೆ ತುಂಬ ಸಂಕಟವಾಗುತ್ತದೆ. ಊರವರ ಕಿವಿಯಿಂದ ಮುಚ್ಚಿಟ್ಟ ಮಾತನ್ನು ವ್ಯಾಪಾರಿಯ ಕೈಗೆ ನಾವೇ ಕೊಟ್ಟಂತಾಗುತ್ತದೆ.

ಪ್ರಮಾಣಪತ್ರದ ಮಾತು ಈಗ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಆಟಿಸಂ ಅದರಲ್ಲಿ ಒಂದು. ಅಳೆಯಲು ಭಾರತದ್ದೇ ಆದ ಒಂದು ಮಾಪನವಿದೆ, ‘ಇಸಾ’ ಎನ್ನುತ್ತಾರೆ. 40 ಅಂಶಗಳು, ಒಂದೊಂದಕ್ಕೂ ಒಂದರಿಂದ ಐದು ಅಂಕ. ಕಣ್ಣಿಟ್ಟು ನೋಡುತ್ತಾನೆಯೇ, ಒಬ್ಬನೇ ಇರುತ್ತಾನೆಯೇ, ಹೇಳಿದ್ದನ್ನೇ ಹೇಳುತ್ತಾನೆಯೇ, ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನೆಯೇ, ಹೀಗೆ. ಒಟ್ಟು 70 ಮುಟ್ಟಿದರೆ ಆಟಿಸಂ ಎಂದು ಲೆಕ್ಕ. ಆಮೇಲೆ ಅದನ್ನು ಶೇಕಡಾವಾರಿಗೆ ಇಳಿಸಿ ಪ್ರಮಾಣಪತ್ರ ಕೊಡುತ್ತಾರೆ, ಯುಡಿಐಡಿ ಎಂಬ ಕಾರ್ಡು ಬರುತ್ತದೆ. ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 80ರ ಒಳಗೆ ಹಳದಿ, ಅದರ ಮೇಲೆ ನೀಲಿ. ಅಂಗವೈಕಲ್ಯ ಯಾವುದು, ಎಷ್ಟು ಎಂಬುದು ಕಾರ್ಡಿನ ಮೇಲೆಯೇ ಅಚ್ಚಾಗಿರುತ್ತದೆ. ಯಾರಿಗೆ ತೋರಿಸುತ್ತೀರೋ ಅವರಿಗೆ ಅಷ್ಟೂ ಗೊತ್ತಾಗುತ್ತದೆ. ಬೇಕಾದಷ್ಟನ್ನು ಮಾತ್ರ ತೋರಿಸುವ ಅನುಕೂಲ ಆ ಕಾರ್ಡಿನಲ್ಲಿಲ್ಲ. ಒಂದು ಸಲ ಪಹಣಿಯ ಕಾಲಂನಲ್ಲಿ ಬಿದ್ದ ಹೆಸರು ಆಮೇಲೆ ತೆಗೆಸುವ ಪ್ರತಿಯೊಂದು ನಕಲಿನಲ್ಲೂ ಬರುವ ಹಾಗೆ, ಇದೂ ಹೋದಕಡೆಯೆಲ್ಲ ಬರುತ್ತದೆ.

ಹಾಗಾದರೆ ಬೇಡವೇ? ಹಾಗಲ್ಲ. ಅದರಿಂದ ಸಿಗುವುದು ಚಿಲ್ಲರೆಯದಲ್ಲ. ಶೇಕಡಾ 40 ಮತ್ತು ಮೇಲೆ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಉನ್ನತ ಶಿಕ್ಷಣದಲ್ಲಿ ಅಂಗವಿಕಲರಿಗೆಂದು ಶೇಕಡಾ 5, ಸರ್ಕಾರಿ ನೌಕರಿಯಲ್ಲಿ ಶೇಕಡಾ 4 ಮೀಸಲಿದೆ. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗಿನ ಆರೋಗ್ಯ ವಿಮೆ ಇದೆ. ಮಾಸಾಶನವಿದೆ. ಬಡ ಕುಟುಂಬಕ್ಕೆ ಇದು ಬದುಕಿನ ಪ್ರಶ್ನೆ. ಗೋಪ್ಯತೆಯ ಹೆಸರಿನಲ್ಲಿ ಇದನ್ನು ಬಿಡಿ ಎಂದು ಸಂಬಳ ಎಣಿಸುವ ನಾನು ಹೇಳಿದರೆ ಅನ್ಯಾಯವಾದೀತು. ನಾನು ಹೇಳುವುದು ಸಮಯದ ಮಾತು: ಯಾವ ಸವಲತ್ತು, ಯಾವಾಗ ಬೇಕು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಅರ್ಜಿ ಹಾಕಿ. ಮಗು ಎಸ್‌ಎಸ್‌ಎಲ್‌ಸಿಗೆ ಬರುವಾಗ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಬೇಕಾದರೆ ಕೊನೆಯ ಗಳಿಗೆಗೆ ಬಿಡಬೇಡಿ. ಶೇಕಡಾ 40 ಮುಟ್ಟದವರೂ ಕೈಚೆಲ್ಲಬೇಕಿಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಕೊಡಲು ಶೇಕಡಾ 40ರ ಗೆರೆ ಅಡ್ಡಿಯಾಗಬಾರದು ಎಂದು ಹೇಳಿತು.

ಶಾಲೆಗೆ ಎಷ್ಟು ಹೇಳಬೇಕು? ಬಹಳ ಸಲ ಹೆಸರಿಗಿಂತ ಅಗತ್ಯವನ್ನು ಹೇಳಿದರೆ ಸಾಕು. ‘ಮುಂದಿನ ಬೆಂಚಿನಲ್ಲಿ ಕೂರಿಸಿ, ಗಂಟೆ ಹೊಡೆಯುವ ಮೊದಲು ಅವನಿಗೆ ಹೇಳಿ, ಎರಡು ಕೆಲಸ ಒಟ್ಟಿಗೆ ಹೇಳಬೇಡಿ.’ ಮೇಷ್ಟ್ರಿಗೆ ಬೇಕಾದದ್ದು ಇದು. ವರದಿಯ ನಕಲು ಪ್ರತಿ ಬೀರುವಿನಲ್ಲೂ ಇರಬೇಕಾಗಿಲ್ಲ.

ಕಾನೂನು ನಮ್ಮ ಪರವಾಗಿದೆ, ಅದೂ ನಮ್ಮ ಕನ್ನಡ ನಾಡಿನ ಒಬ್ಬ ಹಿರಿಯರ ದೆಸೆಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ತೀರ್ಪು ಕೊಟ್ಟಿತು. ಅದಕ್ಕೂ ಹತ್ತು ವರ್ಷ ಮೊದಲು ಭಾರತ ಒಪ್ಪಿಕೊಂಡಿದ್ದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 22ನೆಯ ವಿಧಿ, ಅಂಗವಿಕಲರ ಆರೋಗ್ಯ ಮತ್ತು ಪುನರ್ವಸತಿಯ ಮಾಹಿತಿಯನ್ನು ಉಳಿದೆಲ್ಲರದರಂತೆಯೇ ಕಾಪಾಡಬೇಕು ಎನ್ನುತ್ತದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಇವೆಲ್ಲ ಬಲವಾದ ಮಾತುಗಳು. ಆದರೆ ಆ ಕಾಯ್ದೆ ಕಂಪ್ಯೂಟರಿನೊಳಗೆ ಹೋಗುವ ಮಾಹಿತಿಯದ್ದು; ಕೈಬರಹದ ರಿಜಿಸ್ಟರಿಗೂ ಅರಳಿಕಟ್ಟೆಯ ಮಾತಿಗೂ ಅದು ತಲುಪುವುದಿಲ್ಲ.

ಪಟ್ಟಿಗಳ ಬಗ್ಗೆ ಜಗತ್ತು ಹೆದರುವುದಕ್ಕೂ ಕಾರಣವಿದೆ. 1939ರ ಆಗಸ್ಟ್‌ನಲ್ಲಿ ನಾಜಿ ಜರ್ಮನಿ ಅಂಗವಿಕಲ ಶಿಶುಗಳ ಹೆಸರನ್ನು ಸೂಲಗಿತ್ತಿಯರೂ ವೈದ್ಯರೂ ಸರ್ಕಾರಕ್ಕೆ ತಿಳಿಸಬೇಕೆಂದು ಆಜ್ಞೆ ಹೊರಡಿಸಿತು. ವಿಯೆನ್ನಾದ ಸ್ಪೀಗಲ್‌ಗ್ರುಂಡ್ ಆಸ್ಪತ್ರೆಯಲ್ಲಿ 789 ಮಕ್ಕಳು ಸತ್ತರು. ಆಟಿಸಂನ ಒಂದು ಬಗೆಗೆ ಬಹುಕಾಲ ಯಾರ ಹೆಸರಿತ್ತೋ ಆ ಹಾನ್ಸ್ ಆಸ್ಪರ್ಗರ್ ಕೂಡ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದನ್ನು ಹರ್ವಿಗ್ ಚೆಕ್ ಎಂಬ ಇತಿಹಾಸಕಾರರು 2018ರಲ್ಲಿ ದಾಖಲೆ ಸಮೇತ ತೋರಿಸಿದರು. ಈ ನೆನಪಿರುವುದರಿಂದಲೇ 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರ ಆಟಿಸಂ ಸಂಶೋಧನೆಗೆಂದು ಬೇರೆ ಬೇರೆ ಕಡೆಯ ಆರೋಗ್ಯ ದಾಖಲೆಗಳನ್ನು ಒಟ್ಟುಗೂಡಿಸುವ ಮಾತೆತ್ತಿದಾಗ ಅಲ್ಲಿನ ಕುಟುಂಬಗಳು ಬೆಚ್ಚಿಬಿದ್ದವು. ಹೆಸರಿನ ಪಟ್ಟಿ ಮಾಡುತ್ತಿಲ್ಲ ಎಂದು ಸರ್ಕಾರ ಹೇಳಬೇಕಾಯಿತು. ನಮ್ಮಲ್ಲಿ ಇವತ್ತಿನ ಭಯ ಆ ಜಾತಿಯದ್ದಲ್ಲ, ನೆರೆಹೊರೆಯದ್ದು, ಮದುವೆ ಮಾರುಕಟ್ಟೆಯದ್ದು. ಆದರೂ ಒಂದು ಉದ್ದೇಶಕ್ಕೆ ಕೊಟ್ಟ ಮಾಹಿತಿ ಇನ್ನೊಂದಕ್ಕೆ ಬಳಕೆಯಾಗಬಹುದು ಎಂಬ ಎಚ್ಚರ ಎಲ್ಲ ಕಡೆಯೂ ಬೇಕಾದದ್ದೇ.

ವೈದ್ಯಕೀಯ ಇತಿಹಾಸದಲ್ಲಿ ಆಟಿಸಂ ಎಂದು ಗುರುತಿಸಲ್ಪಟ್ಟ ಮೊದಲ ಮಗುವಿನ ಕಥೆಯಲ್ಲೇ ಈ ಪ್ರಶ್ನೆ ಇದೆ. 1943ರಲ್ಲಿ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದ ಪ್ರಬಂಧದಲ್ಲಿ ಮೊದಲನೆಯವನನ್ನು ‘ಡೊನಾಲ್ಡ್ ಟಿ.’ ಎಂದಷ್ಟೇ ಕರೆದರು. ಆ ಒಂದಕ್ಷರದ ಮುಸುಕು ಹಲವು ದಶಕ ಉಳಿಯಿತು. ಕೊನೆಗೆ ಜಾನ್ ಡಾನ್ವನ್, ಕ್ಯಾರೆನ್ ಜುಕರ್ ಎಂಬ ಇಬ್ಬರು ಪತ್ರಕರ್ತರು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿಗೆ ಹುಡುಕಿಕೊಂಡು ಹೋದರು. 2010ರಲ್ಲಿ ಅವರ ಬರಹ ಬಂತು. ಡೊನಾಲ್ಡ್ ಟ್ರಿಪ್ಲೆಟ್ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ, ಗಾಲ್ಫ್ ಆಡುತ್ತ, ಒಬ್ಬರೇ ದೇಶ ವಿದೇಶ ಸುತ್ತುತ್ತ ಬದುಕಿದ್ದರು. ಊರಿನವರೆಲ್ಲರಿಗೂ ಅವರ ವಿಷಯ ಗೊತ್ತಿತ್ತು. ಅಂದರೆ ನಮ್ಮ ಅರ್ಥದಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಆದರೆ ಹೊರಗಿನಿಂದ ಬಂದ ಪತ್ರಕರ್ತರಿಗೆ ಆ ಊರಿನವರು ಒಬ್ಬೊಬ್ಬರಾಗಿ ಎಚ್ಚರಿಕೆ ಕೊಟ್ಟರಂತೆ: ಡೊನಾಲ್ಡ್‌ಗೆ ನೋವು ಮಾಡಿದರೆ ನಿಮ್ಮನ್ನು ಬಿಡುವುದಿಲ್ಲ ಎಂದು. 2023ರ ಜೂನ್‌ನಲ್ಲಿ, 89ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅನುಕೂಲಸ್ಥ ಮನೆಯಲ್ಲಿ ಹುಟ್ಟಿದವರು, ಬ್ಯಾಂಕು ಕುಟುಂಬದ್ದೇ ಆಗಿತ್ತು, ಇದನ್ನು ಮರೆಯಬಾರದು. ಆದರೂ ಎಲ್ಲರಿಗೂ ಗೊತ್ತಿದ್ದೂ ಒಬ್ಬ ಮನುಷ್ಯನ ಮಾನ ಉಳಿಯಬಹುದು ಎಂಬುದಕ್ಕೆ ಆ ಊರು ಸಾಕ್ಷಿ. ಹೆಸರು ಮುಚ್ಚಿಡಲಾಗದ ಬೆಳ್ಳೂರಿನಂಥ ಊರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ದೊಡ್ಡವರಾದ ಮೇಲೆ ತಮಗೇ ಅನುಮಾನ ಬಂದು ಕೇಳುವವರೂ ಈಚೆಗೆ ಹೆಚ್ಚುತ್ತಿದ್ದಾರೆ, ಬೆಂಗಳೂರಿಗೆ ಓದಲು, ದುಡಿಯಲು ಹೋದ ನಮ್ಮ ಹುಡುಗ ಹುಡುಗಿಯರು. ಅವರ ಲೆಕ್ಕ ಬೇರೆ. ಮೂರು ವರ್ಷದ ಮಗುವಿಗೆ ತಡ ಮಾಡಿದರೆ ನಷ್ಟ ಖಚಿತ. ಮೂವತ್ತು ವರ್ಷದವರಿಗೆ ಅವಸರವಿಲ್ಲ, ವರದಿ ಕೈಗೆ ಬಂದರೆ ಎದುರಾಗಬಹುದಾದ ತೊಡಕುಗಳನ್ನು ಮೊದಲು ಯೋಚಿಸಬಹುದು. ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮಿನಲ್ಲಿ ವಿಚ್ಛೇದನಕ್ಕೆ ಮಾನಸಿಕ ಅಸ್ವಸ್ಥತೆ ಒಂದು ಕಾರಣ, ಅದರ ವಿವರಣೆ ಬಹಳ ಅಗಲವಾಗಿದೆ. ಒಟ್ಟಿಗೆ ಬಾಳಲಾಗದಷ್ಟು ಇದ್ದರೆ ಮಾತ್ರ ಎಂಬ ಷರತ್ತಿದ್ದರೂ ಜಗಳದಲ್ಲಿ ವರದಿ ಆಯುಧವಾಗಬಹುದು. ವಿವಾಹ ಪ್ರಕರಣದಲ್ಲಿ ವೈದ್ಯಕೀಯ ಪರೀಕ್ಷೆಗೆ ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದು 2003ರಲ್ಲಿ ಶಾರದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಿಮೆಯ ಅರ್ಜಿಯಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆದರೆ ಮುಂದೆ ಕ್ಲೇಮು ತಿರಸ್ಕಾರವಾಗುವ ಅಪಾಯವಿದೆ. ಆಸ್ಟ್ರೇಲಿಯಕ್ಕೆ ಕುಟುಂಬ ಸಮೇತ ನೆಲೆಸಲು ಹೋಗುವವರಿಗೆ ಆರೋಗ್ಯದ ಷರತ್ತಿದೆ. ಮಗುವಿನ ಆಟಿಸಂನಿಂದಾಗಿ ವೀಸಾ ತೊಡಕಿಗೆ ಸಿಕ್ಕ ಕುಟುಂಬಗಳ ಸುದ್ದಿ ಅಲ್ಲಿಂದ ಬಂದಿದೆ. ಇಷ್ಟಾದರೂ, ನನಗೇಕೆ ಹೀಗೆ ಎಂದು ಬಾಲ್ಯದಿಂದ ತನ್ನನ್ನೇ ಬೈದುಕೊಂಡವರಿಗೆ ಒಂದು ಉತ್ತರ ಸಿಗುವುದರ ಬೆಲೆಯನ್ನು ನಾನು ಕಡಿಮೆ ಮಾಡಲಾರೆ. ಅದರಿಂದ ನಿಮಗೆ ಏನು ಬೇಕು ಎಂಬುದು ಸ್ಪಷ್ಟವಾದ ಮೇಲೆ ಹೋಗಿ.

ತಾಯಿ ತಂದೆಯರಿಗೆ ಮತ್ತೊಂದು ಮಾತು. ಈ ಮಾಹಿತಿ ನಿಮ್ಮ ಬಳಿ ಇರುವುದು ಮಗುವಿನ ಪರವಾಗಿ. ಮಗು ಬೆಳೆದಂತೆ ಅದಕ್ಕೆ ಅರ್ಥವಾಗುವ ಮಾತಿನಲ್ಲಿ ನೀವೇ ಹೇಳಿ. ಬೇರೆಯವರ ಬಾಯಿಂದ ಕೇಳುವ ಸ್ಥಿತಿ ಬರಬಾರದು. ಮಗು ಕಿವಿ ಮುಚ್ಚಿಕೊಂಡು ಅಳುವ ವಿಡಿಯೊವನ್ನು ಸ್ಟೇಟಸ್ಸಿಗೆ ಹಾಕಬೇಡಿ. ಮುಂದೆ ಅವನೇ ಅದನ್ನು ನೋಡುತ್ತಾನೆ.

ಇಲ್ಲಿ ಕುಳಿತಿರುವ ಅಂಗನವಾಡಿ, ಆಶಾ ಕಾರ್ಯಕರ್ತೆಯರಲ್ಲಿ, ಶಿಕ್ಷಕರಲ್ಲಿ, ಪಂಚಾಯಿತಿಯವರಲ್ಲಿ ನನ್ನ ಪ್ರಾರ್ಥನೆ ಇಷ್ಟು. ಮಗುವಿನ ಬಗ್ಗೆ ಅನುಮಾನ ಬಂದರೆ ತಾಯಿಯನ್ನು ಪಕ್ಕಕ್ಕೆ ಕರೆದು ಹೇಳಿ. ಮಕ್ಕಳ ಹೆಸರು, ಕಾರ್ಡಿನ ಫೋಟೊ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಸವಲತ್ತು ಪಡೆದವರ ಹೆಸರನ್ನು ಗ್ರಾಮಸಭೆಯಲ್ಲಿ ಓದಲೇಬೇಕಾದರೆ ಅಂಗವೈಕಲ್ಯ ಯಾವುದೆಂದು ಓದದಿರಿ. ನೀವು ಇಷ್ಟು ಮಾಡುತ್ತೀರಿ ಎಂಬ ನಂಬಿಕೆ ಹುಟ್ಟಿದರೆ ತಾಯಂದಿರು ಮೂರು ವರ್ಷಕ್ಕೇ ಬರುತ್ತಾರೆ, ಏಳು ವರ್ಷದವರೆಗೆ ಕಾಯುವುದಿಲ್ಲ. ಅನುಮಾನವಿರುವ ತಾಯಂದಿರೇ, ಈ ತಿಂಗಳೇ ಹೋಗಿ ತೋರಿಸಿ. ಕಾರ್ಡಿನ ಅರ್ಜಿ ಕಾಯಬಹುದು.